ನಜ್ಜರೇನಾಳ ಹೊಲಿಗೆ, ಸೆತ್ತಿಮಿಯೊನ ಕಾಲು

ಇಟಲಿಯ ಬೂಟಿನೂರು ಮೊಂತೆಗ್ರನಾರೊದಲ್ಲಿ ಯಾರ ಮನೆಗೆ ಹೋದರೂ ಅಡುಗೆಮನೆಯ ಕಿಟಕಿ ಪಕ್ಕ ಒಂದು ಹೊಲಿಗೆ ಯಂತ್ರ ಇದ್ದೇ ಇರುತ್ತಿತ್ತು. ಗಂಡಸರು ಕಾರ್ಖಾನೆಗೆ ಹೋಗಿ ಅಟ್ಟೆ ಬಡಿದರೆ, ಹೆಂಗಸರು ಮನೆಯಲ್ಲೇ ಕುಳಿತು ಬೂಟಿನ ಮೇಲ್ತೊಗಲು ಹೊಲಿಯುತ್ತಿದ್ದರು. ನಜ್ಜರೇನಾ ಹದಿನಾಲ್ಕನೇ ವಯಸ್ಸಿಗೆ ಆ ಯಂತ್ರದ ಮುಂದೆ ಕುಳಿತವಳು, ಎಪ್ಪತ್ತೊಂದಾದರೂ ಎದ್ದಿರಲಿಲ್ಲ. ಮಿಲಾನಿನ ದೊಡ್ಡ ದೊಡ್ಡ ಹೆಸರುಗಳನ್ನು ಹೊತ್ತು ಮಾರಾಟವಾದ ಎಷ್ಟೋ ಜೋಡಿಗಳು ಅವಳ ಸೂಜಿಯ ಕೆಳಗೆ ಹಾದುಹೋಗಿದ್ದವು. ಹಾಕಿಕೊಂಡದ್ದು ಮಾತ್ರ ಒಂದೂ ಇಲ್ಲ. ಅವಳ ಪಾದ ಬಾತುಕೋಳಿಯ ಪಾದದಷ್ಟು ಅಗಲ; ವರ್ಷವಿಡೀ ಉಣ್ಣೆಯ ಚಪ್ಪಲಿಯೇ ಗತಿ.

ಗಂಡ ಸೆತ್ತಿಮಿಯೊನ ಪಾದದ ಕತೆಯೇ ಬೇರೆ. ಆಳು ಆರಡಿ, ಪಾದ ಮಾತ್ರ ಮೂವತ್ತೇಳನೇ ಅಳತೆ. ಹೆಂಗಸರ ಬೂಟಿನ ಮೊದಲ ಮಾದರಿಯನ್ನು ಅಲ್ಲಿ ಮಾಡುತ್ತಿದ್ದುದು ಅದೇ ಅಳತೆಯಲ್ಲಿ. ಒಮ್ಮೆ, ಮಾದರಿ ತೊಟ್ಟು ನಡೆದು ತೋರಿಸುವ ಹುಡುಗಿ ಜ್ವರ ಬಂದು ರಜೆ ಹಾಕಿದಾಗ, ಕಾರ್ಖಾನೆಯ ಮಾಲೀಕ ಎಲ್ಲರ ಪಾದಗಳನ್ನೂ ನೋಡುತ್ತ ಬಂದು ಇವನೆದುರು ನಿಂತುಬಿಟ್ಟ. ಅಲ್ಲಿಂದ ಮೂವತ್ತೊಂದು ವರ್ಷ, ದಪ್ಪ ಮೀಸೆಯ ಸೆತ್ತಿಮಿಯೊ ಎತ್ತರದ ಹೀಲ್ಸ್ ತೊಟ್ಟು ಕಾರ್ಖಾನೆಯ ಉದ್ದಗಲಕ್ಕೂ ಓಡಾಡಿ, "ಹೆಬ್ಬೆರಳು ಕಚ್ತದೆ", "ಹಿಂದೆ ಸಡಿಲ" ಎಂದು ತೀರ್ಪು ಕೊಟ್ಟ. ಅವನು ಹೂಂ ಅನ್ನದೆ ಒಂದು ಜೋಡಿಯೂ ಮಿಲಾನಿಗೆ ಹೋಗುತ್ತಿರಲಿಲ್ಲ. ಊರಲ್ಲಿ ಯಾರೂ ನಗುತ್ತಿರಲಿಲ್ಲ. ನಕ್ಕವರನ್ನು ನಜ್ಜರೇನಾ ವಿಚಾರಿಸಿಕೊಳ್ಳುತ್ತಿದ್ದಳು.

ಕಾರ್ಖಾನೆ ಮುಚ್ಚಿ ಆರು ವರ್ಷವಾದ ಮೇಲೆ, ಆ ಖಾಲಿ ಕಟ್ಟಡದಲ್ಲಿ ಒಂದು ಪ್ರದರ್ಶನ ಮಾಡುವುದೆಂದು ಪುರಸಭೆಯವರು ತೀರ್ಮಾನಿಸಿದರು. ಹನ್ನೆರಡು ಮಂದಿ ಎಳೆಯ ಕಲಾವಿದರಿಗೆ ಹೆಸರಾಂತ ವಿನ್ಯಾಸಕಾರನೊಬ್ಬನ ಒಂದೊಂದು ಜೋಡಿ ಬೂಟು ಕೊಡುವುದು, ಅವರು ಅದನ್ನು ತಮ್ಮ ಕಲ್ಪನೆಯಂತೆ ಬೇರೆಯೇ ಆಗಿಸುವುದು. ಒಬ್ಬ ಬೂಟಿನೊಳಗೆ ಮಣ್ಣು ತುಂಬಿ ಮಸೂರ ಕಾಳು ಬಿತ್ತಿದ. ಇನ್ನೊಬ್ಬ ತನ್ನ ಜೋಡಿಯನ್ನು ಸಿಮೆಂಟಿನಲ್ಲಿ ಅದ್ದಿದ. ಜಿನೆವ್ರಾ ಎಂಬ ಹುಡುಗಿ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ತನ್ನ ಪಾಲಿನ ಕೆಂಪು ಜೋಡಿಯನ್ನು ಎದೆಗವಚಿಕೊಂಡು ನಜ್ಜರೇನಾಳ ಬಾಗಿಲು ತಟ್ಟಿದಳು.

"ಸಿನ್ಯೋರಾ, ಇದನ್ನ ಬಿಚ್ಚಿ ಮತ್ತೆ ಹೊಲೀಬೇಕು. ಹೀಲು ಮುಂದಕ್ಕೆ ಬರ್ಬೇಕು, ಬೆರಳಿನ ಕೆಳಗೆ."

ನಜ್ಜರೇನಾ ಕನ್ನಡಕ ಏರಿಸಿ ಹುಡುಗಿಯನ್ನು ನೋಡಿದಳು, ಬೂಟನ್ನು ಕೈಗೆ ತೆಗೆದುಕೊಂಡು ನೋಡಿದಳು, ಮತ್ತೆ ಹುಡುಗಿಯನ್ನು ನೋಡಿದಳು. "ಮುಂದೆ ಹೀಲು ಇಟ್ರೆ ನಡೆಯೋದು ಹೆಂಗಮ್ಮ?"

"ನಡೆಯೋಕಲ್ಲ ಸಿನ್ಯೋರಾ, ನೋಡೋಕೆ. ಇದು ಹೆಣ್ಣಿನ ನೋವು."

"ನೋವು ಬೇಕಿದ್ರೆ ಇದನ್ನ ಬಿಚ್ಚೋದ್ಯಾಕೆ? ಇರೋ ಹಂಗೇ ಹಾಕ್ಕೊಂಡು ನಮ್ಮೂರ ಇಗರ್ಜಿ ಮೆಟ್ಟಿಲು ಹತ್ತು, ಬೇಕಾದಷ್ಟು ಸಿಗುತ್ತೆ."

ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು, ಹೊರಡಲೆಂದು ಬೂಟಿಗೆ ಕೈ ಚಾಚಿದಳು. ಅಷ್ಟರಲ್ಲಿ ನಜ್ಜರೇನಾಳ ಬೆರಳು ಬೂಟಿನ ಒಳಗೆ ಹೋಗಿತ್ತು. ಒಳಗಿನ ಹೊಲಿಗೆಯ ಕೊನೆಯಲ್ಲಿ ಹಿಮ್ಮುಖವಾಗಿ ಹಾಕಿದ ಮೂರು ಪುಟ್ಟ ಹೊಲಿಗೆ ತಾಕಿತು. ಊರಿನ ಉಳಿದ ಹೆಂಗಸರೆಲ್ಲ ಅಲ್ಲಿ ಎರಡೇ ಹಾಕುತ್ತಿದ್ದುದು.

"ನಿಲ್ಲೇ ಹುಡುಗಿ. ಇದು ನನ್ನ ಕೈಕೆಲಸ. ನನ್ನ ಹೊಲಿಗೆ ಇನ್ಯಾರೋ ಬಿಚ್ಚೋದನ್ನ ನಾನು ನೋಡ್ಕೊಂಡು ಕೂರ್ತೀನಾ? ಬಾ ಒಳಗೆ. ಊಟ ಆಯ್ತಾ?"

ಮೂರು ವಾರ ಇಬ್ಬರೂ ಎದುರುಬದುರು ಕುಳಿತು ಜಗಳವಾಡಿದರು. ಹುಡುಗಿ ಚಿತ್ರ ಬರೆಯುವಳು, ಮುದುಕಿ ಅದರ ಮೇಲೆ ಸೀಸದ ಕಡ್ಡಿಯಿಂದ ಗೀಟು ಎಳೆಯುವಳು. "ಇಲ್ಲಿ ತೊಗಲು ಹರಿಯುತ್ತೆ." "ಹರಿಯಲಿ ಅಂತಾನೇ ಸಿನ್ಯೋರಾ!" "ನನ್ನ ಮನೇಲಿ ಹರಿಯೋದಿಲ್ಲ." ನಡುವೆ ಜಿನೆವ್ರಾ ಮುದುಕಿ ಬಡಿಸಿದ, ಮಾಂಸ ತುಂಬಿ ಕರಿದ ಆಲಿವ್ ಕಾಯಿ ತಿಂದು ಎರಡು ಕಿಲೋ ತೂಕ ಹೆಚ್ಚಿಸಿಕೊಂಡಳು. ಕೊನೆಗೂ ಬೂಟು ಸಿದ್ಧವಾಯಿತು. ಹೀಲು ಮುಂದೆ, ಹಿಮ್ಮಡಿ ಗಾಳಿಯಲ್ಲಿ. ಯಾವುದೋ ಹಕ್ಕಿ ಹಿಂದಕ್ಕೆ ಹಾರಲು ಹೊರಟಂತೆ ಕಾಣುತ್ತಿತ್ತು. ನಜ್ಜರೇನಾಳಿಗೇ ಒಳಗೊಳಗೆ ಹಿಡಿಸಿತು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ಹೇಳದೆ ಅವಳು ಇನ್ನೊಂದು ಕೆಲಸವನ್ನೂ ಮಾಡಿದಳು. ಜಿನೆವ್ರಾ ತನ್ನೂರಿಗೆ ಹೋಗಿದ್ದ ಭಾನುವಾರ, ಮೂವತ್ತೇಳನೇ ಅಳತೆಯ ಆ ಜೋಡಿಯನ್ನು ಗಂಡನ ಮುಂದಿಟ್ಟಳು.

"ಹಾಕ್ಕೋ."

"ಇದನ್ನಾ? ನೇನಾ, ನನಗೆ ಎಪ್ಪತ್ತಾರು ವರ್ಷ ಕಣೇ!"

"ನೀನು ನಡೆದು ನೋಡದ ಬೂಟು ಈ ಊರಿಂದ ಯಾವತ್ತಾದ್ರೂ ಹೊರಗೆ ಹೋಗಿದ್ಯಾ?"

ಸೆತ್ತಿಮಿಯೊ ಗೋಡೆ ಹಿಡಿದು ಎದ್ದ. ಮೊದಲ ಹತ್ತು ಹೆಜ್ಜೆ ಹಿಂದಕ್ಕೇ ಬಿದ್ದವು. ಆಮೇಲೆ ಮೂವತ್ತೊಂದು ವರ್ಷದ ಅನುಭವ ಕೆಲಸಕ್ಕೆ ಬಂತು. ಮೊಣಕಾಲು ಸ್ವಲ್ಪ ಬಗ್ಗಿಸಿ, ಎದೆ ಮುಂದಕ್ಕೆ ತಳ್ಳಿದರೆ ಬೂಟು ತಾನೇ ಕರೆದೊಯ್ಯುತ್ತದೆ ಎಂದು ಕಂಡುಕೊಂಡು, ಹಾಗೆಯೇ ಹೊರಗೆ ಕಾಲಿಟ್ಟ. ಗಲ್ಲಿ ದಾಟಿ, ಏರು ಹತ್ತಿ, ಚೌಕದಲ್ಲಿ ಕಾಫಿ, ವೈನ್ ಎರಡೂ ಸಿಗುವ ಬಾರಿಗೆ ಹೋಗಿ ಇಸ್ಪೀಟಿನ ಮೇಜಿನ ಮುಂದೆ ಕುಳಿತ.

"ಏನೋ ಇದು, ಕಾರ್ಖಾನೆ ಮತ್ತೆ ತೆರೆದ್ರಾ?" ಎಂದ ಎಲೆ ಹಂಚುತ್ತಿದ್ದ ಗೆಳೆಯ.

"ಇದು ಹೆಣ್ಣಿನ ನೋವು," ಎಂದ ಸೆತ್ತಿಮಿಯೊ ಗಂಭೀರವಾಗಿ. "ನನ್ನ ಸೊಂಟದ ನೋವಿಗೆ ಮಾತ್ರ ಬಲು ಹಾಯಾಗಿದೆ. ಎಲೆ ಹಾಕು."

ದುರದೃಷ್ಟಕ್ಕೆ ಅದೇ ಬಾರಿನಲ್ಲಿ, ಪ್ರದರ್ಶನದ ಹೊಣೆ ಹೊತ್ತು ಮಿಲಾನಿನಿಂದ ಬಂದಿದ್ದ ಕ್ರಿವೆಲ್ಲಿ ಎಂಬ ಮಹಾಶಯ ಕಾಫಿ ಕುಡಿಯುತ್ತಿದ್ದ. ಅವನು ಕೆಂಪು ಬೂಟನ್ನು ನೋಡಿದ, ಮೀಸೆಯನ್ನು ನೋಡಿದ. ಲೋಟ ತಟ್ಟೆಯ ಮೇಲೆ ಠಣ್ಣೆಂದಿತು.

ಮಾರನೆಯ ದಿನ ಜಿನೆವ್ರಾ ಅಳುತ್ತಾ ಬಂದಳು. ಹಿಂದೆಯೇ ಕ್ರಿವೆಲ್ಲಿ, ಕೈಗೆ ಬಿಳಿಯ ಗವಸು ತೊಟ್ಟು. ಮೇಜಿನ ಮೇಲಿದ್ದ ಬೂಟನ್ನು ತಲೆಕೆಳಗಾಗಿ ಹಿಡಿದು ತೋರಿಸಿದ. ಅಟ್ಟೆಯ ಮೇಲೆ ಚೌಕದ ಕಲ್ಲಿನ ಗೀರು, ಏರಿನ ಧೂಳು, ಒಂದು ಕಡೆ ಚೂಯಿಂಗ್ ಗಮ್.

"ಕೃತಿ ಹಾಳಾಗಿದೆ! ಇದನ್ನ ಇಡೋಕಾಗಲ್ಲ!"

ನಜ್ಜರೇನಾ ಯಂತ್ರ ನಿಲ್ಲಿಸಲೂ ಇಲ್ಲ. "ಹಾಳಾಗಿದ್ಯಾ? ಒಂದು ಹೊಲಿಗೆ ಬಿಟ್ಟಿದ್ದನ್ನ ತೋರ್ಸಿ ಸ್ವಾಮಿ. ಹೀಲು ಅಲ್ಲಾಡ್ತಿದ್ಯಾ? ತೊಗಲು ಸುಕ್ಕಾಗಿದ್ಯಾ? ಆ ಸಿಮೆಂಟಿನ ಬೂಟು ಹಾಕ್ಕೊಂಡು ಬಾರಿನ ತನಕ ಹೋಗಿ ಬನ್ನಿ, ಆಮೇಲೆ ಹಾಳಾಗೋದು ಅಂದ್ರೇನು ಅಂತ ನೀವೇ ಹೇಳ್ತೀರಿ."

"ಸಿನ್ಯೋರಾ, ಇದು ಕಲೆ!"

"ಇದು ಬೂಟು. ಕಲೆ ಆಗ್ಬೇಡ ಅಂತ ನಾನೇನು ಅದಕ್ಕೆ ಹೇಳಿಲ್ವಲ್ಲ."

ಜಿನೆವ್ರಾ ಮೂಗು ಒರೆಸಿಕೊಳ್ಳುತ್ತಾ ಅಟ್ಟೆಯನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಅವಳ ಅಳು ನಿಂತಿತು. "ನಿಜವಾಗ್ಲೂ ಬಾರಿನ ತನಕ ಹೋದ್ರಾ?" ಎಂದು ಸೆತ್ತಿಮಿಯೊನನ್ನು ಕೇಳಿದಳು.

"ವಾಪಸ್ಸೂ ಬಂದೆ ಮಗಳೇ. ಇಳಿಯೋದೇ ಇನ್ನೂ ಸಲೀಸು."

ಹುಡುಗಿ ಕ್ರಿವೆಲ್ಲಿಯ ಕೈಯಿಂದ ಬೂಟು ಕಿತ್ತುಕೊಂಡಳು. "ಒರೆಸಬೇಡಿ. ಹೀಗೇ ಇಡೋದು. ಕೆಳಗೊಂದು ಕನ್ನಡಿ ಹಾಕಿ, ಅಟ್ಟೆ ಕಾಣಬೇಕು." ಕ್ರಿವೆಲ್ಲಿ ಏನೋ ಹೇಳಲು ಬಾಯಿ ತೆರೆದ. "ಇಲ್ಲದಿದ್ರೆ ನನ್ನದು ಬೇಡವೇ ಬೇಡ," ಎಂದಳು. ಹನ್ನೆರಡು ಕೃತಿ ಎಂದು ಆಮಂತ್ರಣ ಪತ್ರಿಕೆ ಅಚ್ಚಾಗಿಹೋಗಿತ್ತು. ಅವನು ಗವಸು ಕಳಚಿ, ಕನ್ನಡಿಯ ಅಳತೆ ಬರೆದುಕೊಂಡ.

ಪ್ರದರ್ಶನದ ದಿನ ನಜ್ಜರೇನಾ ಕೂದಲು ಸುರುಳಿ ಮಾಡಿಸಿಕೊಂಡು ಹೋದಳು. ಮಸೂರದ ಗಿಡ ಬಾಡಿತ್ತು. ಸಿಮೆಂಟಿನ ಜೋಡಿಯ ಭಾರಕ್ಕೆ ಮೇಜು ಒಂದು ಕಡೆ ವಾಲಿತ್ತು. ಜನ ಸೇರಿದ್ದು ಕೆಂಪು ಬೂಟಿನ ಸುತ್ತ. ಅದರ ಪಕ್ಕದ ಚೀಟಿಯಲ್ಲಿ ಮೂರು ಹೆಸರುಗಳಿದ್ದವು. ಕಲ್ಪನೆ ಜಿನೆವ್ರಾ, ಹೊಲಿಗೆ ನಜರೇನಾ, ನಡಿಗೆ ಸೆತ್ತಿಮಿಯೊ.

ಅವಳು ಚೀಟಿಯನ್ನು ಓದಿದಳು. ಇನ್ನೊಮ್ಮೆ ಓದಿದಳು. ಐವತ್ತೇಳು ವರ್ಷ ಬೂಟು ಹೊಲಿದಿದ್ದಳು. ಒಂದರ ಪಕ್ಕದಲ್ಲೂ ಅವಳ ಹೆಸರು ಬಂದಿರಲಿಲ್ಲ. ಗಂಡನಿಗೆ ಮುಖ ಕಾಣಬಾರದೆಂದು ತಲೆ ತಗ್ಗಿಸಿ ಕೈಚೀಲದಲ್ಲಿ ಪೆನ್ನು ಹುಡುಕತೊಡಗಿದಳು.

"ಏನೇ ಮಾಡ್ತಿದೀಯಾ?"

"ಹೆಸರಲ್ಲಿ ಒತ್ತಕ್ಷರ ಬಿಟ್ಟಿದಾರೆ," ಎಂದು ಬಗ್ಗಿ ಬರೆದೇಬಿಟ್ಟಳು.

"ಸಿನ್ಯೋರಾ, ಕೃತಿಯನ್ನ ಮುಟ್ಟಬಾರದು!" ಎಂದು ಕಾವಲುಗಾರ ಓಡಿಬಂದ. ಅವನು ಕೆಳಗಿನ ಬೀದಿಯ ಅನುಂಜಿಯಾತಾಳ ಮಗ. ಯಾರೆಂದು ಕಂಡೊಡನೆ ಟೋಪಿ ತೆಗೆದು ಹಿಂದೆ ಸರಿದ.

ಆಮೇಲಿನಿಂದ ಉಳಿದ ಕಲಾವಿದರೂ ತಮ್ಮ ಹೊಸ ಬೂಟುಗಳನ್ನು ಹಿಡಿದು ಸೆತ್ತಿಮಿಯೊನನ್ನು ಹುಡುಕಿಕೊಂಡು ಬರತೊಡಗಿದರು. ಅವನು ಬಾರಿನಲ್ಲಿ ತನ್ನನ್ನು ತಾನೇ ಕಲಾವಿದನೆಂದು ಕರೆದುಕೊಳ್ಳುತ್ತಾನೆ. "ಕಲಾವಿದರೇ, ಕಸ ಹೊರಗಿಟ್ಟು ಬನ್ನಿ," ಎನ್ನುತ್ತಾಳೆ ನಜ್ಜರೇನಾ. ಜಿನೆವ್ರಾ ಗುರುವಾರಗಳಂದು ಬಂದು ಹೊಲಿಗೆ ಕಲಿಯುತ್ತಾಳೆ. ಅವಳ ಗೆರೆ ಇನ್ನೂ ಕುಡಿದವನ ಹಾಗೆ ಓಲಾಡುತ್ತದೆ. ಮೊನ್ನೆ ಬಲಗಾಲಿನ ಬೂಟಿನಲ್ಲಿ ಗೇಣುದ್ದ ನೆಟ್ಟಗೆ ಬಂದಾಗ ಮುದುಕಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಇದನ್ನ ಬಿಚ್ಚೋದು ಬೇಡ," ಎಂದಳು. ಹುಡುಗಿ ಎದ್ದು ಅಡುಗೆಮನೆಯಲ್ಲೇ ಕುಣಿದಳು.

"ಕುಣಿದದ್ದು ಸಾಕು," ಎಂದಳು ನಜ್ಜರೇನಾ, "ಇನ್ನೊಂದು ಕಾಲಿಂದು ಬಾಕಿ ಇದೆ."