ಅರ್ಧ ಸ್ಕೂಟರಿನ ಮುಚ್ಚಳ

ಮುದ್ದೇಬಿಹಾಳದ ಕಡೆಯ ಸತ್ಯವ್ವ ಕುಂಕಳ್ಳಿಯ ತಂಪು ಪಾನೀಯದ ಕಾರ್ಖಾನೆಗೆ ಗುತ್ತಿಗೆ ಕೆಲಸದವಳಾಗಿ ಸೇರಿದಳು. ನೆಲ ಗುಡಿಸುವುದು, ಒಡೆದ ಗಾಜು ಆರಿಸುವುದು ಅವಳ ಕೆಲಸ. ಒಂದು ದಿನ ಕಸಬರಿಗೆಗೆ ಬೋಳು ಮುಚ್ಚಳವೊಂದು ಸಿಕ್ಕಿತು. ಸುತ್ತಲೂ ನೆರಿಗೆಯ ತಗಡು, ಮೇಲೆ ಹೆಸರಿಲ್ಲ, ಬಣ್ಣವಿಲ್ಲ. ಮಷೀನು ಸರಿಯಾಗಿ ಒತ್ತುತ್ತದೆಯೋ ಇಲ್ಲವೋ ನೋಡಲು ಅಂಥವನ್ನು ನೀರು ತುಂಬಿದ ಬಾಟಲಿಗಳಿಗೆ ಹಾಕಿ, ತೆಗೆದು, ಚೆಲ್ಲುತ್ತಿದ್ದರು. ಅವು ಅಂಗಡಿಯ ಮುಖವನ್ನೇ ನೋಡುತ್ತಿರಲಿಲ್ಲ.

"ಇದನ್ನ ಒಯ್ಯಲೇನ್ರಿ ಸಾಹೇಬ್ರ?" ಎಂದು ಆಗಿನ ಸೂಪರ್‌ವೈಸರ್ ಶಹಾಬುದ್ದೀನನನ್ನು ಕೇಳಿದಳು.

"ಕಸಕ್ಕೂ ಕೇಳ್ತೀ ಏನವಾ? ಪರೀಕ್ಷಾದ್ದು ಯಾವುದು ಬೇಕಾದ್ರೂ ಒಯ್ಯಿ" ಎಂದು ಅವನು ನಕ್ಕ.

ಅಂದಿನಿಂದ ಕೂಡಿಸತೊಡಗಿದಳು. ಬಣ್ಣ ಕಲೆಸಿ ಹೋದವು, ಅಕ್ಷರ ತಿರುಗುಮುರುಗಾದವು, ಹಬ್ಬಕ್ಕೆಂದು ಮಾಡಿ ಕೊನೆಗೆ ಬೇಡವೆಂದು ಬಿಟ್ಟವು. ಬಾಡಿಗೆ ಖೋಲಿಯಲ್ಲಿ ಒಲೆಯ ಎದುರಿನ ಹಲಗೆಯ ಮೇಲೆ ಅವನ್ನು ಸಾಲಾಗಿ ಜೋಡಿಸಿದಳು. ಪಕ್ಕದ ಖೋಲಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಗೋಡೆ ಕಟ್ಟುವ ಗೌಂಡಿ ಕೆಲಸದ ಗಂಡ ಪರಮಣ್ಣ ನಗುತ್ತಿರಲಿಲ್ಲ, ರೇಗುತ್ತಿದ್ದ.

"ಇವನ್ನಿಟ್ಕೊಂಡು ಏನ್ ಮಾಡ್ತಿ?"

"ನೋಡ್ತೇನಿ."

"ನೋಡಿದ್ರ ಏನ್ ಬರ್ತದ?"

"ಏನೂ ಬರೂದಿಲ್ಲ. ಅದಕ್ಕ ಇಟ್ಕೊಂಡೇನಿ" ಎಂದಳು ಸತ್ಯವ್ವ. ತವರಿನಲ್ಲಿ ಅಕ್ಕಂದಿರು ಉಟ್ಟು ಬಿಟ್ಟ ಸೀರೆ, ಗಂಡನ ಮನೆಯಲ್ಲಿ ಅತ್ತೆಯ ಪಾತ್ರೆ. ತಾನೇ ಆರಿಸಿ ತಂದದ್ದು ಎಂಬುದು ಅವಳಿಗೆ ಈ ತಗಡುಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

೨೦೦೪ರ ಬೇಸಿಗೆಯಲ್ಲಿ ಕಂಪನಿ ಒಂದು ಬಹುಮಾನ ಸಾರಿತು. ಮುಚ್ಚಳದ ಒಳಗೆ ಸ್ಕೂಟರಿನ ಅರ್ಧ ಚಿತ್ರ. ಹಿಂದಿನ ಅರ್ಧಕ್ಕೆ ಮುಂದಿನ ಅರ್ಧ ಕೂಡಿದರೆ ಗಾಡಿ ನಿಮ್ಮದು. ಹಿಂದಿನ ಚಕ್ರ ಎಲ್ಲರಿಗೂ ಸಿಕ್ಕಿತು. ಗಟಾರದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ತಾಡಿಯಂಗಡಿಯ ಮುಂದೆ ಬರೀ ಹಿಂದಿನ ಚಕ್ರಗಳೇ. ಮುಂದಿನದು ಮಾತ್ರ ಯಾರ ಕೈಗೂ ಬರಲಿಲ್ಲ.

ಅದು ಸತ್ಯವ್ವನ ಹಲಗೆಯ ಮೇಲಿತ್ತು. ಬಹುಮಾನ ಸಾರುವ ಮೊದಲು ಒಳಗಿನ ಚಿತ್ರ ಅಳಿಸುತ್ತದೆಯೇ ಎಂದು ನೋಡಲು ಒತ್ತಿ ತೆಗೆದ ಪರೀಕ್ಷೆಯ ಮುಚ್ಚಳ. ಹ್ಯಾಂಡಲ್ಲು, ದೀಪ, ಮುಂದಿನ ಗಾಲಿ, ಎಲ್ಲವೂ ಹಸಿರು ಬಣ್ಣದಲ್ಲಿ ಲಕಲಕ ಎನ್ನುತ್ತಿದ್ದವು. ಅವಳ ಬಳಿ ಇದ್ದವುಗಳಲ್ಲೆಲ್ಲ ಚಂದದ್ದು ಅದೇ.

ಒಂದು ಸಂಜೆ ಪರಮಣ್ಣನ ಕಣ್ಣು ಅದರ ಮೇಲೆ ಬಿತ್ತು.

"ಸತ್ಯವ್ವಾ, ಮನ್ಯಾಗ ಗಾಡಿ ಇಟ್ಕೊಂಡು ನಾವು ನಡಕೊಂತ ತಿರಗಾಕತ್ತೇವಲ್ಲ. ನಾಳೆ ಒಯ್ದು ಕೊಡೂಣು."

"ಇದು ಮಾರಿದ ಬಾಟ್ಲಿದಲ್ಲ. ಪರೀಕ್ಷಾದ್ದು. ಬಾಟ್ಲಿ ಕೊಂಡಾಗ ಸಿಕ್ತು ಅಂತ ನಾ ಹೇಳೂದಿಲ್ಲ."

"ಯಾರಿಗೆ ಗೊತ್ತಾಗ್ತದ?"

"ನನಗ ಗೊತ್ತದಲ್ಲ."

ಪರಮಣ್ಣ ಆ ರಾತ್ರಿ ಊಟ ಬಿಟ್ಟ. ಮರುದಿನ ಕೆಲಸದ ಜಾಗದಲ್ಲಿ ಸಿಟ್ಟು ತಾಳದೆ ಎಲ್ಲರೆದುರು ಹೇಳಿಕೊಂಡ. ಸುದ್ದಿ ಕಾರ್ಖಾನೆ ಮುಟ್ಟಿತು. ಶಹಾಬುದ್ದೀನ ಆ ಹೊತ್ತಿಗೆ ಕೆಲಸ ಬಿಟ್ಟು ಹೋಗಿದ್ದ. ಹೊಸ ಅಧಿಕಾರಿಯೊಬ್ಬ ಗುತ್ತಿಗೆದಾರ ದೇವಲಪ್ಪನನ್ನು ಕರೆದುಕೊಂಡು ನೇರವಾಗಿ ಖೋಲಿಗೇ ಬಂದ. ಓಣಿಯ ಮಂದಿಯೆಲ್ಲ ಬಾಗಿಲಿಗೆ ಮುಗಿಬಿದ್ದರು.

ಅಧಿಕಾರಿ ಹಿಂದಿಯಲ್ಲಿ ಹೇಳಿದ: ಇದು ಕಂಪನಿಯ ಮಾಲು. ಕದ್ದು ತಂದಿದ್ದಾಳೆ. ಯಾರಾದರೂ ಇದನ್ನು ತಂದರೆ ನಾವು ಗಾಡಿ ಕೊಡಬೇಕಾಗುತ್ತದೆ. ತೂತು ಬಿದ್ದಿದ್ದರೆ, ಹರಿದಿದ್ದರೆ ಮಾತು ಬೇರೆ, ಇದು ನೆಟ್ಟಗಿದೆ. ಈಗಲೇ ಕೊಡಲಿ.

"ಕೊಟ್ಬಿಡ ಬೇ, ನನ್ನ ಹೆಸರು ಕೆಡಸಬ್ಯಾಡ" ಎಂದ ದೇವಲಪ್ಪ.

"ಕದ್ದಿಲ್ರಿ ನಾನು. ಶಹಾಬುದ್ದೀನ ಸಾಹೇಬ್ರ ಒಯ್ಯಿ ಅಂದಾರ. ನೀವ ಚೆಲ್ಲಿದ್ದು, ನಾ ಆರಿಸಿದ್ದು."

"ಅಂವ ಈಗ ಇಲ್ಲಲ್ಲ."

"ಅಂವಾ ಇಲ್ಲಂದ್ರ ಅಂವಾ ಆಡಿದ ಮಾತೂ ಇಲ್ಲೇನ್ರಿ?"

ದೇವಲಪ್ಪ ಹಲಗೆಯತ್ತ ಕೈ ಚಾಚಿದ. ಸತ್ಯವ್ವ ಅವನಿಗಿಂತ ಮೊದಲೇ ಆ ಮುಚ್ಚಳವನ್ನು ಎತ್ತಿಕೊಂಡಳು. ಗಂಡನ ಗೌಂಡಿ ಚೀಲದಿಂದ ಸುತ್ತಿಗೆ, ಮೊಳೆ ತೆಗೆದಳು. ಮಂದಿ ದಾರಿ ಬಿಟ್ಟರು. ಬಾಗಿಲ ಚೌಕಟ್ಟಿಗೆ ಮುಚ್ಚಳವನ್ನು ಚಿತ್ರ ಹೊರಗೆ ಕಾಣುವಂತೆ ಆನಿಸಿ ಮೊಳೆ ಇಟ್ಟಳು. ಆ ಹಸಿರು ಹ್ಯಾಂಡಲ್ಲನ್ನು ಅವಳು ಎಷ್ಟೋ ಸಲ ಸೆರಗಿನಿಂದ ಒರೆಸಿದ್ದಳು. ಒಂದೇ ಏಟಿಗೆ ಮೊಳೆ ನಡುವಿನಿಂದ ಹಾಯ್ದು ಮರಕ್ಕೆ ಇಳಿಯಿತು.

"ತೂತು ಬಿತ್ತು" ಎಂದಳು. "ಇನ್ನ ಇದಕ್ಕ ಯಾರೂ ಗಾಡಿ ಕೇಳಂಗಿಲ್ಲ. ಗಂಡಾನೂ ಕೇಳಂಗಿಲ್ಲ, ಕಂಪನಿನೂ ಇದನ್ನ ಕೇಳಂಗಿಲ್ಲ. ಇಲ್ಲೇ ಇರ್ತದ. ಕೀಳಬೇಕಂದ್ರ ಪೊಲೀಸರನ್ನ ಕರಕೊಂಡ ಬರ್ರಿ. ಕಸ ಕದ್ದಾಳ ಅಂತ ಬರೆಸ್ರಿ, ನಾ ಹೆಬ್ಬಟ್ಟು ಒತ್ತತೇನಿ."

ಗುಂಪಿನಲ್ಲಿ ಯಾರೋ ನಕ್ಕರು. ಆ ನಗೆ ಈ ಸಲ ಅವಳ ಮೇಲಿನದಾಗಿರಲಿಲ್ಲ. ಅಧಿಕಾರಿ ಮೊಳೆಯನ್ನು ನೋಡಿದ, ಮಂದಿಯನ್ನು ನೋಡಿದ, ಜೀಪು ಹತ್ತಿದ.

ಪೊಲೀಸರು ಬರಲಿಲ್ಲ. ಆದರೆ ಸೋಮವಾರ ಗೇಟಿನಲ್ಲಿ ಅವಳನ್ನು ಒಳಗೆ ಬಿಡಲಿಲ್ಲ. ಅವಳು ಚಿಕ್ಕಪುಟ್ಟ ಕೂಲಿ ಮಾಡಿಕೊಂಡು ಆ ಮಳೆಗಾಲ ಕಳೆದಳು. ರಾತ್ರಿ ಬಾಗಿಲು ಹಾಕುವಾಗ ಆ ಮೊಳೆ ಕಂಡು ಸಂಕಟವಾಗುತ್ತಿತ್ತು. ಹೊಡೆಯಬಾರದಿತ್ತು ಎಂದು ಮಾತ್ರ ಒಮ್ಮೆಯೂ ಅನ್ನಿಸಲಿಲ್ಲ.

ದಸರೆ ಮುಗಿದ ಮೇಲೆ ಬಿಯರು ತುಂಬುವ ಇನ್ನೊಂದು ಕಾರ್ಖಾನೆಗೆ ಹೆಂಗಸರು ಬೇಕೆಂದು ತಿಳಿದು ಹೋದಳು. ಅಲ್ಲಿ ಆಳು ಹಿಡಿಯುತ್ತಿದ್ದವನು ನಿಂಗಣ್ಣ.

"ನೀನೇ ಏನು ಆ ಮೊಳಿ ಸತ್ಯವ್ವ?" ಎಂದು ಕೇಳಿದ.

"ಹೌದ್ರಿ ನಾನ. ಕೆಲಸ ಚಲೋ ಮಾಡ್ತೇನಿ. ಆದ್ರ ನೀವು ಚೆಲ್ಲೂ ಪರೀಕ್ಷಾ ಬೂಚ ನಾ ಒಯ್ತೇನಿ. ಆಗೂದಿದ್ರ ಆಗ್ತದ ಅನ್ರಿ, ಇಲ್ಲಾಂದ್ರ ಹೊಳ್ಳಿ ಹೋಗ್ತೇನಿ."

ನಿಂಗಣ್ಣ ತಲೆ ಕೆರೆದುಕೊಂಡು, "ಒಯ್ಯಿ" ಎಂದ.

"ಹಂಗಲ್ರಿ" ಎಂದಳು ಸತ್ಯವ್ವ. ಬಾಟಲಿ ತೊಳೆಯುತ್ತಿದ್ದ ಹೆಂಗಸರ ಕಡೆ ಕೈ ಮಾಡಿದಳು. "ಅವರಿಗೆಲ್ಲಾ ಕೇಳೂಹಂಗ, ಜೋರಾಗಿ ಹೇಳ್ರಿ."

ಅವನು ಜೋರಾಗಿ ಹೇಳಿದ. ಸತ್ಯವ್ವ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.