ಭಾವನ ಹಾರ್ಡ್ ಡಿಸ್ಕು

ಸ್ವೀಟ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಊದುಬತ್ತಿಯ ವಾಸನೆ ಮೂಗಿಗೆ ಬಂತು. ಒಳಗೆ, ಯಾರದೋ ಲಗ್ನಪತ್ರಿಕೆಯ ರದ್ದಿ ಹಾಳೆಯಲ್ಲಿ ಸುತ್ತಿದ್ದ ಹಳೆಯ ಹಾರ್ಡ್ ಡಿಸ್ಕು. ಅಕ್ಕ ಅದನ್ನು ತೀರ್ಥಹಳ್ಳಿಯಿಂದ ಹೊಸನಗರದ ನಮ್ಮ ಮನೆಯ ತನಕ ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡೇ ತಂದಿದ್ದಳು.

“ಮಗಳ ಮದುವೆಗೆ ಕಾರ್ಡು ಕಳಿಸ್ಬೇಕಲ್ಲ, ನೆಂಟರ ವಿಳಾಸ ಎಲ್ಲ ಇದ್ರೊಳಗೇ ಇದೆ. ನಿನ್ನ ಹೊಸ ಕಂಪ್ಯೂಟರಿಗೆ ಹಾಕಿ ನೋಡು ಮಾರಾಯ,” ಅಂದಳು.

ಆ ವಾಸನೆ ನನ್ನ ಭಾವನದು. ಭಾವ ಅಂದರೆ ಈ ಅಕ್ಕನ ಗಂಡ, ತೀರಿಕೊಂಡು ಮೂರು ವರ್ಷವಾಯಿತು. ತೀರ್ಥಹಳ್ಳಿಯಲ್ಲಿ ಅವರದೊಂದು ಡಿಟಿಪಿ ಅಂಗಡಿ ಇತ್ತು. ಬೆಳಿಗ್ಗೆ ಬಾಗಿಲು ತೆರೆದವರೇ ಮೊದಲು ಕಂಪ್ಯೂಟರಿಗೆ ಎರಡು ಊದುಬತ್ತಿ ಬೆಳಗಿ, ಅದರ ಪಕ್ಕದಲ್ಲೇ ಸಿಕ್ಕಿಸಿ ಕೂರುತ್ತಿದ್ದರು. ಒಳಗಿನ ಫ್ಯಾನು ಆ ಹೊಗೆಯನ್ನೆಲ್ಲ ಎಳೆದುಕೊಳ್ಳುತ್ತಿತ್ತು. “ಯಂತ್ರ ಹಾಳಾಗ್ತದೆ ಭಾವ,” ಅಂದರೆ, “ದೇವರೇ ಹಾಳಾಗ್ಲಿಲ್ಲ, ಇದು ಹಾಳಾಗ್ತದಾ ಮೇಷ್ಟ್ರೇ?” ಅನ್ನುತ್ತಿದ್ದರು.

ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಕೆಂಪು ಪೆನ್ನು ಜೇಬಿನಲ್ಲಿಲ್ಲದಿದ್ದರೆ ಅಂಗಿಯೇ ಹಾಕಿಲ್ಲ ಅನ್ನಿಸುವ ಜಾತಿಯವನು. ಅಂಗಡಿ ಬೋರ್ಡು, ಬಸ್ಸಿನ ಹಲಗೆ, ದೇವಸ್ಥಾನದ ರಸೀದಿ, ಎಲ್ಲದರಲ್ಲೂ ತಪ್ಪು ಹುಡುಕುವುದು ನನ್ನ ಚಟ. ಆ ಚಟಕ್ಕೆ ಭಾವನೇ ನೀರು ಹೊಯ್ದು ಬೆಳೆಸಿದ್ದು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತೀರ್ಥಹಳ್ಳಿ ಬಸ್ಸು ಹತ್ತಿದರೆ, ಅವರ ಅಂಗಡಿಯಲ್ಲಿ ವಾರದ ಪ್ರೂಫುಗಳೆಲ್ಲ ನನಗಾಗಿ ಕಾದಿರುತ್ತಿದ್ದವು. ಲಗ್ನಪತ್ರಿಕೆ, ಗೃಹಪ್ರವೇಶ, ಸೊಸೈಟಿಯ ವರದಿ... ನಾನು ಗೀಟು ಹಾಕುತ್ತಿದ್ದೆ, ಅವರು ತಿದ್ದುತ್ತಿದ್ದರು. ನಡುವೆ ಎರಡು ಸಲ ಚಹಾ. ಊರಿನ ಯಾವ ಮದುವೆಯಲ್ಲಿ ಯಾರ ಹೆಸರು ಬಿಟ್ಟುಹೋಗಿ ಯಾರು ಮುನಿಸಿಕೊಂಡರು ಅನ್ನುವುದೆಲ್ಲ ನನಗೆ ಗೊತ್ತಾಗುತ್ತಿದ್ದದ್ದು ಅಲ್ಲೇ. ಅಂಥ ಸುಖದ ಶನಿವಾರಗಳು ಆಮೇಲೆ ನನಗೆ ಸಿಕ್ಕಲಿಲ್ಲ.

ಭಾವನ ಕೆಲಸದ ರೀತಿ ಒಂದಿತ್ತು. ಯಾವ ಕಾರ್ಡನ್ನೂ ಅವರು ಖಾಲಿ ಹಾಳೆಯಿಂದ ಶುರುಮಾಡುತ್ತಿರಲಿಲ್ಲ. ಹಿಂದಿನ ಗಿರಾಕಿಯ ಕಾರ್ಡು ತೆರೆದು, ಅದರ ಮೇಲೇ ಹೆಸರು, ದಿನ, ಸ್ಥಳ ಬದಲಾಯಿಸುತ್ತಾ ಹೋಗುವುದು. “ಅಚ್ಚು ಒಂದೇ ಮೇಷ್ಟ್ರೇ, ಎರಕ ಮಾತ್ರ ಬೇರೆ,” ಅನ್ನುತ್ತಿದ್ದರು. ಹಾಗಾಗಿ ಮದುವೆಯ ಕಾರ್ಡು ತಿದ್ದಿದರೆ ಉಪನಯನ, ಉಪನಯನ ತಿದ್ದಿದರೆ ವೈಕುಂಠ ಸಮಾರಾಧನೆ. ಸುತ್ತಲಿನ ಡಿಟಿಪಿಯವರೆಲ್ಲ ಮಾಡುತ್ತಿದ್ದದ್ದೂ ಹಾಗೆಯೇ.

ನನ್ನ ಅಪ್ಪ ತೀರಿಕೊಂಡಾಗ ಅಣ್ಣ ಕ್ರಿಯೆಗೆ ಕೂತಿದ್ದ, ಕಾರ್ಡಿನ ಜವಾಬ್ದಾರಿ ನನ್ನದು. ಮೇಳಿಗೆ ಊರಿನ ಹತ್ತಿರದ ಅಪ್ಪನ ಮನೆಯಿಂದ ನೇರ ಭಾವನ ಅಂಗಡಿಗೆ ಹೋದೆ. ಒಂದು ಪ್ರೂಫು ಕೊಟ್ಟರು, ಮೂರು ತಪ್ಪು ಹುಡುಕಿದೆ, ತಿದ್ದಿದರು. ಪ್ರೆಸ್ಸಿಗೆ ಕೊಡುವ ಟ್ರೇಸಿಂಗ್ ಹಾಳೆಯೂ ಹೊರಗೆ ಬಂತು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ಸು ನಾಲ್ಕು ಸಲ ಕೂಗಿ ಸುಮ್ಮನಾಯಿತು.

“ಸ್ವಲ್ಪ ತಡಿ ಮೇಷ್ಟ್ರೇ, ಕರೆಂಟ್ ಬಂದ್ಮೇಲೆ ಇನ್ನೊಂದ್ಸಲ ನೋಡಿ ಕೊಡ್ತೀನಿ,” ಅಂದರು ಭಾವ.

ನನಗೆಲ್ಲಿಯ ತಾಳ್ಮೆ? ಹೊಸನಗರದಲ್ಲಿ ನನ್ನ ಹಳೇ ವಿದ್ಯಾರ್ಥಿಯೊಬ್ಬನ ಪ್ರೆಸ್ಸಿತ್ತು. ಸಂಜೆಯೊಳಗೆ ಮುದ್ರಿಸಿ ಕೊಡುತ್ತೇನೆ ಅಂದಿದ್ದ. “ನಾನು ನೋಡಾಯ್ತಲ್ಲ ಭಾವ, ಇನ್ನೆಂತ ನೋಡೋದು?” ಅಂದವನೇ ಮೇಜಿನ ಮೇಲಿದ್ದ ಹಾಳೆ ಸುರುಳಿ ಸುತ್ತಿಕೊಂಡು ಬಸ್ಸಿಗೆ ಓಡಿದೆ. ಅವತ್ತು ಸಂಜೆಗೇ ಕಾರ್ಡು ಕೈಗೆ ಬಂತು. ಮರುದಿನ ಬೆಳಕು ಹರಿಯುವ ಮೊದಲೇ ಸ್ಕೂಟರ್ ಹತ್ತಿ ಮನೆಮನೆಗೆ ಹಂಚಲು ಹೊರಟೆ.

ಸಮಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ಯಾರೋ ಮುಸಿಮುಸಿ ನಕ್ಕರು. ಸಾರು ಬಡಿಸುತ್ತಿದ್ದ ನನ್ನನ್ನು ದೂರದ ನೆಂಟರೊಬ್ಬರು ಕರೆದು, ಕಾರ್ಡು ತೋರಿಸಿ, “ಯಾರಿಗೆ ಆಶೀರ್ವಾದ ಮಾಡ್ಬೇಕು ಮಾರಾಯ, ಹೋದೋರಿಗಾ?” ಅಂದರು. ನೋಡಿದೆ. ಅಪ್ಪನ ಫೋಟೋ, ‘ಸದ್ಗತಿ ಕೋರುವ’ ನಮ್ಮೆಲ್ಲರ ಹೆಸರು, ಅದರ ಕೆಳಗೆ ಸಣ್ಣ ಬಳ್ಳಿಯ ಚಿತ್ರದ ನಡುವೆ, ‘ನಿಮ್ಮ ಆಶೀರ್ವಾದವೇ ನಮಗೆ ಉಡುಗೊರೆ’. ಯಾವುದೋ ಮದುವೆಯ ಸಾಲು ಅಳಿಸದೆ ಉಳಿದುಬಿಟ್ಟಿತ್ತು.

ಪ್ರೂಫು ನೋಡಿದ್ದು ನಾನೇ. ಅಲ್ಪಪ್ರಾಣ ಮಹಾಪ್ರಾಣ ಹುಡುಕುವ ಭರದಲ್ಲಿ ಆ ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆದರೆ ಅದನ್ನು ಒಪ್ಪಿಕೊಂಡರೆ ನನ್ನ ಮೇಷ್ಟ್ರುಗಿರಿ ಏನಾಗಬೇಕು! ಸಾರಿನ ಪಾತ್ರೆ ಅಲ್ಲೇ ಕುಕ್ಕಿ, ಎಲೆಯ ಮುಂದೆ ಕೂತಿದ್ದ ಭಾವನ ಎದುರು ನಿಂತೆ. “ಸತ್ತವರ ಕಾರ್ಡು ಯಾವುದು, ಮದುವೆ ಕಾರ್ಡು ಯಾವುದು ಅಂತ ಗೊತ್ತಾಗದಷ್ಟು ಸದರವಾಯ್ತಾ ನಮ್ಮಪ್ಪ ನಿಮಗೆ?” ಅಂತ ಕೂಗಿದೆ. ಇನ್ನೂ ಏನೇನೋ ಅಂದೆ... ಇಲ್ಲಿ ಬರೆಯುವಂಥದ್ದಲ್ಲ. ನೂರು ಜನ ತುತ್ತು ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಭಾವ ತಲೆ ಎತ್ತಲಿಲ್ಲ.

“ತಪ್ಪಾಯ್ತು ಮಾರಾಯ,” ಅಂದರು, ಅಷ್ಟೇ. ಅವತ್ತು ಅವರು ನನ್ನನ್ನು ಮೇಷ್ಟ್ರೇ ಅನ್ನಲಿಲ್ಲ.

ಆಮೇಲೆ ಹದಿನೈದು ವರ್ಷ ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ಮನೆಗೂ ಹೋಗಲಿಲ್ಲ. ಅಕ್ಕ ತವರಿಗೆ ಬಂದಾಗ ನೋಡಿ ಮಾತಾಡಿಸಿ ಕಳಿಸುತ್ತಿದ್ದೆ. ಮದುವೆ ಮುಂಜಿಯಲ್ಲಿ ಭಾವ ಎದುರಾದರೆ ಇಬ್ಬರೂ ಚಪ್ಪರ ನೋಡುತ್ತಿದ್ದೆವು. ಅವರಿಗೆ ಕಿಡ್ನಿ ತೊಂದರೆ ಅಂತ ಗೊತ್ತಾದಾಗ ಹೋಗಬೇಕು ಅನ್ನಿಸಿತ್ತು. ಈ ಶನಿವಾರ, ಮುಂದಿನ ಶನಿವಾರ ಅಂದುಕೊಳ್ಳುತ್ತಲೇ ಇದ್ದೆ... ಕೊನೆಗೆ ಸಾವಿನ ಸುದ್ದಿ ಬಂತು, ಅದರ ಹಿಂದೆಯೇ ಅವರ ಸಮಾರಾಧನೆಯ ಕಾರ್ಡೂ ಬಂತು. ಬೇರೆ ಯಾರೋ ಮಾಡಿದ್ದು. ಅದರಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ಯಾರೂ ನನಗೆ ಪ್ರೂಫು ತೋರಿಸಿರಲಿಲ್ಲ.

ಈಗ ಆ ಡಿಸ್ಕು ನನ್ನ ಮೇಜಿನ ಮೇಲಿತ್ತು. ನಿವೃತ್ತಿಯಾದ ಮೇಲೆ ಕೊಂಡ ಡೆಸ್ಕ್‌ಟಾಪಿನ ಪಕ್ಕದ ತಗಡು ಬಿಚ್ಚಿದೆ. ಹಳೆಯ ಡಿಸ್ಕಿನ ಬಾಯಿ ಅಗಲ, ತುಂಬ ಪಿನ್ನುಗಳು. ಹೊಸ ಕಂಪ್ಯೂಟರಿನ ಕೇಬಲ್ಲು ಬೆರಳಗಲ. ಒಂದಕ್ಕೊಂದು ಸೇರುವ ಮಾತೇ ಇಲ್ಲ. ಪೇಟೆಗೆ ಹೋಗಿ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದರೆ, ಎರಡನ್ನೂ ಕೂಡಿಸುವ ಸಣ್ಣದೊಂದು ಕನ್ವರ್ಟರ್ ಹುಡುಕಿ ಕೊಟ್ಟರು. ಸಿಕ್ಕಿಸಿ ಆನ್ ಮಾಡಿದೆ, ಕಾಣಲಿಲ್ಲ. ಅವರೇ ಫೋನಿನಲ್ಲಿ ಹೇಳಿದಂತೆ ಡಿಸ್ಕಿನ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ತುಂಡು, ಜಂಪರ್ ಅಂತೆ, ಅದನ್ನು ಕಿತ್ತು ಇನ್ನೊಂದು ಕಡೆ ಚುಚ್ಚಿದೆ. ಡಿಸ್ಕು ಕರಕರ ಅಂತ ತಿರುಗತೊಡಗಿತು. “ಬಂತು ಬಂತು!” ಅಂತ ಅಕ್ಕ ಕಾಫಿ ಲೋಟ ಕೆಳಗಿಟ್ಟು ಹತ್ತಿರ ಬಂದು ಕೂತಳು.

ಕಡತ ತೆರೆದರೆ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ. ಮೂವತ್ತಮೂರು ವರ್ಷ ಕನ್ನಡ ಕಲಿಸಿದವನಿಗೆ ಕನ್ನಡವೇ ಓದಲು ಬಾರದಂತಾಗಿತ್ತು! ಭಾವ ಬಳಸುತ್ತಿದ್ದ ಹಳೇ ಫಾಂಟು ನನ್ನ ಕಂಪ್ಯೂಟರಿನಲ್ಲಿ ಇರಲಿಲ್ಲ. ಅದನ್ನೂ ಆ ಡಿಸ್ಕಿನೊಳಗಿಂದಲೇ ಹುಡುಕಿ ಹಾಕಿಕೊಂಡ ಮೇಲೆ ಅಕ್ಷರಗಳು ಸರಿಯಾದವು. ವಿಳಾಸದ ಪಟ್ಟಿ ಸಿಕ್ಕಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅದರ ಪಕ್ಕದಲ್ಲೇ ‘ಮಾವ’ ಅಂತ ಇಂಗ್ಲಿಷಿನಲ್ಲಿ ಬರೆದ ಫೋಲ್ಡರೊಂದಿತ್ತು. ಭಾವನಿಗೆ ಮಾವ ಅಂದರೆ ನನ್ನಪ್ಪ.

ಒಳಗೆ ಎರಡು ಕಡತ. ಒಂದನೆಯದರಲ್ಲಿ ಆ ಉಡುಗೊರೆಯ ಸಾಲಿತ್ತು. ಎರಡನೆಯದರಲ್ಲಿ ಇರಲಿಲ್ಲ. ಎರಡನೆಯದನ್ನು ಉಳಿಸಿದ ಹೊತ್ತು ನೋಡಿದೆ. ನಾನು ಹಾಳೆ ಎತ್ತಿಕೊಂಡು ಬಸ್ಸಿಗೆ ಓಡಿದ್ದೆನಲ್ಲ, ಅದೇ ದಿನದ ಸಂಜೆ.

“ಅಕ್ಕಾ, ಭಾವ ಇದನ್ನ ಅವತ್ತೇ ತಿದ್ದಿದ್ರಾ?”

ಅಕ್ಕ ಪರದೆಯನ್ನೇ ನೋಡುತ್ತಿದ್ದಳು. “ಕರೆಂಟ್ ಬಂದ ಕೂಡ್ಲೇ ತಿದ್ದಿದ್ರು. ಪ್ರೆಸ್ಸಿಗೆ ಫೋನ್ ಮಾಡಿದ್ರು, ಯಾರೂ ಎತ್ಲಿಲ್ಲ. ಬೆಳಿಗ್ಗೆ ಮೊದ್ಲನೇ ಬಸ್ಸಿಗೆ ಹೊಸ ಹಾಳೆ ಹಿಡ್ಕೊಂಡು ಹೊಸನಗರಕ್ಕೆ ಬಂದಿದ್ರು. ನೀನಾಗ್ಲೇ ಕಾರ್ಡ್ ಹಂಚಕ್ಕೆ ಹೋಗಿದ್ಯಂತೆ.”

“ಮತ್ತೆ ಅವತ್ತು ಊಟದ ಮನೇಲಿ ಎಂತಕ್ಕೆ ಹೇಳ್ಲಿಲ್ಲ?”

“ನಾನೂ ಅದನ್ನೇ ಕೇಳ್ದೆ. ‘ಅಪ್ಪನ್ನ ಕಳ್ಕೊಂಡೋನಿಗೆ ಅಷ್ಟು ಜನರ ಮುಂದೆ ತಪ್ಪು ನಿಂದು ಅಂತ ಹೇಳೋದಾ? ನನ್ನ ತಲೆ ಮೇಲೇ ಇರ್ಲಿ ಬಿಡು’ ಅಂದ್ರು.”

“ಆಮೇಲಾದ್ರೂ ಹೇಳ್ಬೋದಿತ್ತಲ್ಲ ಅಕ್ಕಾ...”

“‘ಅವನ ಹೆಂಡ್ತಿ ಮಕ್ಕಳ ಮುಂದೆ ಹೇಳೋದು ಬೇಡ, ನೀನೂ ಹೇಳ್ಬೇಡ, ಅವನೇ ನಮ್ಮನೆಗೆ ಬಂದಾಗ ನಾನೇ ಹೇಳ್ತೀನಿ’ ಅಂತಿದ್ರು. ನೀನು ಎಲ್ಲಿ ಬಂದೆ?” ಅಂದಳು.

ನನಗೆ ಅವಳ ಮುಖ ನೋಡಲಾಗಲಿಲ್ಲ. ಹದಿನೈದು ವರ್ಷ ನನ್ನ ತಪ್ಪನ್ನು ಹೊತ್ತುಕೊಂಡು ಬದುಕಿದ ಮನುಷ್ಯನ ಮುಂದೆ ನಾನು ಚಪ್ಪರ ನೋಡುತ್ತಾ ನಿಂತಿದ್ದೆ. ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕ ಬೈಯಲಿಲ್ಲ, ಬೆನ್ನು ಸವರಿದಳು. ಬೈದಿದ್ದರೆ ಒಳ್ಳೆಯದಿತ್ತು.

ಅಕ್ಕ ಊರಿಗೆ ಮರಳಿದ ಒಂದು ವಾರಕ್ಕೆ ಅವಳ ಮಗಳ ಲಗ್ನಪತ್ರಿಕೆಯ ಪ್ರೂಫು ಮೊಬೈಲಿಗೆ ಬಂತು. ‘ನೋಡಿ ಕೊಡು’ ಅಂತ ಅಕ್ಕ ಬರೆದಿದ್ದಳು. ಅದನ್ನು ಪ್ರಿಂಟು ತೆಗೆದು, ಕೆಂಪು ಪೆನ್ನು ಹಿಡಿದು ಕೂತೆ. ಮೇಲಿನಿಂದ ಕೆಳಗಿನ ತನಕ, ಕೊನೆಯ ಸಾಲನ್ನೂ ಬಿಡದೆ ಮೂರು ಸಲ ಓದಿದೆ. ವಧುವಿನ ತಂದೆಯ ಹೆಸರಿನ ಮುಂದೆ ‘ದಿವಂಗತ’ ಎಂದಿತ್ತು. ಪೆನ್ನಿನ ತುದಿ ಆ ಪದದ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ... ತಿದ್ದುವುದಕ್ಕೆ ಅಲ್ಲಿ ಏನೂ ಇರಲಿಲ್ಲ.