ಕಿವಿಗಿಟ್ಟ ಹತ್ತಿ

ನಾಲ್ಕು ವರ್ಷದಿಂದ ನನ್ನ ಕಿವಿಯೊಳಗೆ ಕುಕ್ಕರು ಕೂಗುವ ಮುಂಚಿನ ಸುಯ್ಯೆನ್ನುವ ಸದ್ದೊಂದು ಮನೆ ಮಾಡಿಕೊಂಡಿದೆ. ಕಾಲೇಜಿನಲ್ಲಿದ್ದಾಗ ಡಿಜೆ ಸ್ಪೀಕರುಗಳ ಮುಂದೆ ಕುಣಿದದ್ದು, ಬಸ್ಸಿನ ಗಲಾಟೆಯನ್ನು ಮುಚ್ಚಲು ಇಯರ್‌ಫೋನಿನ ದನಿ ಏರಿಸಿದ್ದು, ಎರಡೂ ಸೇರಿ ಕೊಟ್ಟ ಬಳುವಳಿ ಇದು. ಕೊಚ್ಚಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, "ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ" ಎಂದರು. ಇಪ್ಪತ್ತರ ಆಸುಪಾಸಿನವರಿಗೆ ಹೇಳುವ ಮಾತೇ ಅದು? ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದ ನನ್ನ ಬಾಡಿಗೆ ಕೋಣೆಯಲ್ಲಿ ನಿಶ್ಶಬ್ದ ಎಂಬುದಿಲ್ಲ. ನಾನು ಕೆಲಸ ಮಾಡುವ ಬ್ಯಾಂಕಿನ ಕೌಂಟರಿನಲ್ಲಿ ಗ್ರಾಹಕರು ಹೇಳಿದ್ದನ್ನೇ ಮತ್ತೆ ಹೇಳಬೇಕಾಗುತ್ತದೆ. ಆಗ ಅವರು ಮುಖ ಸಿಂಡರಿಸುವುದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಹಾಗಾಗಿ ತಂಗಿ ಚೆಂಡೆ ಮೇಳಕ್ಕೆ ಸೇರಿದ್ದಾಳೆ ಎಂದು ಅಮ್ಮ ಫೋನಿನಲ್ಲಿ ಬೀಗುತ್ತ ಹೇಳಿದಾಗ ನನಗೆ ಭಯವಾಯಿತು. ಅಪ್ಪನ ಕೇಂದ್ರ ಸರ್ಕಾರದ ನೌಕರಿಯಿಂದಾಗಿ ನಮ್ಮ ಮೈಸೂರಿನ ಸಂಸಾರ ತಿರುವನಂತಪುರದ ಶ್ರೀಕಾರ್ಯಂನಲ್ಲಿ ನೆಲೆ ನಿಂತಿದೆ. ತಂಗಿ ಅಲ್ಲೇ ಇಂಜಿನಿಯರಿಂಗ್ ಓದುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ನನ್ನನ್ನು ಕರೆಯುವುದೂ ಅಕ್ಕ ಎಂದಲ್ಲ, ಇಲ್ಲಿನವರಂತೆ ಚೇಚಿ ಎಂದೇ. ಅವಳ ಮೇಳ ಅಂಗಡಿ ಉದ್ಘಾಟನೆಗೆ, ಮದುವೆಗೆ ಹೋಗಿ ಕುಣಿಯುತ್ತ ಬಾರಿಸುವ ಹುಡುಗ ಹುಡುಗಿಯರ ತಂಡ. ಎಷ್ಟು ಜೋರಾಗಿ ಬಾರಿಸಿದರೆ ಅಷ್ಟು ಹೆಸರು.

ಶನಿವಾರವೇ ರೈಲಿನಲ್ಲಿ ಹೊರಟೆ. ಡಾಕ್ಟರು ಹೇಳಿದ್ದ ಇಯರ್‌ಪ್ಲಗ್ಗುಗಳನ್ನು, ಬಿಳಿಯವು, ಅವಳ ಅಂಗೈಯಲ್ಲಿಟ್ಟೆ.

"ಇವನ್ನ ಹಾಕ್ಕೊಂಡೇ ಬಾರಿಸ್ಬೇಕು. ಪಕ್ಕದಲ್ಲಿರೋರ ಹತ್ರ ಕಿರುಚಿ ಮಾತಾಡ್ಬೇಕು ಅನ್ನೋಷ್ಟು ಸದ್ದಿದ್ರೆ ಕಿವಿ ಹಾಳಾಗತ್ತೆ ಕಣೇ. ಮಧ್ಯೆ ಮಧ್ಯೆ ದೂರ ಹೋಗಿ ಕೂತ್ಕೋ. ನನ್ನ ಗತಿ ನೋಡ್ತಿದೀಯಲ್ಲ?"

"ಕುಳಪ್ಪಮಿಲ್ಲ ಚೇಚಿ," ತೊಂದರೆಯೇನಿಲ್ಲ ಎಂದು ನಕ್ಕಳು. ಮನೆಯೊಳಗೆ ನೀರು ನುಗ್ಗಿದರೂ ಈ ಊರಿನವರ ಬಾಯಲ್ಲಿ ಮೊದಲು ಬರುವ ಮಾತು ಅದೇ.

ಮರುದಿನ ಬೆಳಗ್ಗೆ ಬಟ್ಟೆ ಅಂಗಡಿಯೊಂದರ ಉದ್ಘಾಟನೆ. ತಗಡಿನ ಚಪ್ಪರದ ಕೆಳಗೆ ತಂಡ ನಿಂತಿತ್ತು. ನನ್ನ ಕಿವಿಗೂ ಪ್ಲಗ್ ತುರುಕಿಕೊಂಡು ನಾನು ರಸ್ತೆಯ ಆಚೆ ಬದಿ ಸೇರಿದೆ. ತಂಗಿ ಮುಂದಿನ ಸಾಲಿನಲ್ಲಿದ್ದಳು. ಅವಳ ಎಡಕ್ಕೆ ದಪ್ಪ ಕಂಚಿನ ತಾಳ ಹಿಡಿದವನು. ಅವನು ಒಂದೊಂದು ಸಲ ಕುಟ್ಟಿದಾಗಲೂ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಆದರೆ ಕೂದಲು ಎತ್ತಿ ಕಟ್ಟಿದ್ದ ತಂಗಿಯ ಕಿವಿಯಲ್ಲಿ ಬಿಳಿಯದೇನೋ ಕಂಡಿತು. ಅಬ್ಬ, ಹಾಕಿಕೊಂಡಿದ್ದಾಳೆ! ಈ ಕಾಯಿಲೆ ಬಂದ ಮೇಲೆ ಅಷ್ಟು ಸಮಾಧಾನ ನನಗೆ ಎಂದೂ ಆಗಿರಲಿಲ್ಲ. ಅವಳು ಎಷ್ಟು ಚೆನ್ನಾಗಿ ಬಾರಿಸುತ್ತಾಳೆ ಎಂಬುದನ್ನು ಆಗಲೇ ನಾನು ನೋಡಿದ್ದು. ಮೈಯೆಲ್ಲ ಬೆವತು, ನಗುತ್ತ, ತನ್ನವರ ನಡುವೆ ತಾನೊಬ್ಬಳಾಗಿ ಕುಣಿಯುತ್ತಿದ್ದಳು.

ಮುಗಿದ ಮೇಲೆ ಊಟಕ್ಕೆಂದು ಪಕ್ಕದ ಹೋಟೆಲಿನಲ್ಲಿ ಕೂತೆವು. ಅವಳು ಕಿವಿಯಿಂದ ಬಿಳಿಯದನ್ನು ಎಳೆದು ಬಾಳೆಲೆಯ ಅಂಚಿನಲ್ಲಿಟ್ಟಳು. ಎಣ್ಣೆಯಲ್ಲಿ ನೆನೆದ ಹತ್ತಿಯ ಉಂಡೆ. ಪ್ಲಗ್ ಹಾಕಿಕೊಂಡರೆ ತಂಡದ ಮುಖ್ಯಸ್ಥನ ಚೆಂಡೆ ಸರಿಯಾಗಿ ಕೇಳಿಸುವುದಿಲ್ಲವಂತೆ, ಲಯ ತಪ್ಪುತ್ತದಂತೆ. ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು ಬಂದಾಗ ಅಮ್ಮ, "ಅಕ್ಕ ಬೈತಾಳೆ ಅಂತ ಯಾಕೆ ಹೆದರ್ತೀಯ? ಹತ್ತಿ ಇಟ್ಕೋ, ಅಷ್ಟೇ ಸಾಕು" ಎಂದಳಂತೆ. ನಮ್ಮ ಮನೆಯಲ್ಲಿ ಬಾಣಂತಿಗೂ ಹತ್ತಿ, ನೆಗಡಿಗೂ ಹತ್ತಿ. ಶೀತಗಾಳಿಗೆ ಇಡುವ ಹತ್ತಿ ಕಂಚಿನ ಸದ್ದನ್ನೂ ತಡೆಯುತ್ತದೆಂದು ಅಮ್ಮ ನಂಬಿದ್ದಳು. ಅದೂ ಅವಳ ಪ್ರೀತಿಯೇ. ನಾನು ಸಾಂಬಾರು ಕಲಸುತ್ತ ಕೂತೆ.

ತಂಗಿ ಊಟ ಮಾಡುತ್ತಿರಲಿಲ್ಲ. ಎಡಗಿವಿಯನ್ನು ಬೆರಳಿನಿಂದ ಒತ್ತುತ್ತಿದ್ದಳು, ಬಿಡುತ್ತಿದ್ದಳು.

"ಚೇಚೀ, ಇದ್ ಎಪ್ಪೋ ಪೋಗುಂ?" ಇದು ಯಾವಾಗ ಹೋಗುತ್ತದೆ ಎಂದು ಕೇಳಿದಳು.

ಸುತ್ತಲೂ ಜನ ಉಣ್ಣುತ್ತಿದ್ದರು.

"ಒಂದೆರಡು ದಿನದಲ್ಲಿ ಹೋಗ್ಬಹುದು. ಕೆಲವರಿಗೆ ಹೋಗತ್ತೆ."

ನಿನ್ನದು ಹೋಯಿತಾ ಎಂದು ಅವಳು ಕೇಳಲಿಲ್ಲ. ನನ್ನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು, ತಂಡದ ಮುಖ್ಯಸ್ಥನದು. ಮುಂದಿನ ಭಾನುವಾರ ವಿಳಿಂಜಂನಲ್ಲಿ ಮದುವೆಯೇ ಎಂದು ಅವಳು ವಿಚಾರಿಸುವುದು ಕೇಳಿಸಿತು. ಬೇಡವೆಂದು ನಾನು ಕೈಯಾಡಿಸಿದೆ. ಅವಳು ಆಚೆಯ ಮಾತು ಸರಿಯಾಗಿ ಕೇಳಿಸದವಳಂತೆ ಹುಬ್ಬು ಗಂಟಿಕ್ಕಿ, ಫೋನನ್ನು ಎಡಗಿವಿಯಿಂದ ತೆಗೆದು ಬಲಗಿವಿಗೆ ಹಿಡಿದಳು.

"ವರಾಂ ಚೇಟ್ಟಾ," ಬರುತ್ತೇನೆ ಅಣ್ಣ, ಎಂದಳು.